ಇಂಟರ್ನೆಟ್ ಚೆನ್ನಾಗಿದೆ, ಆಫೀಸಿನೊಳಗೇ ಫೈಲ್ ನಿಲ್ಲುತ್ತದೆ: ಸ್ವಿಚ್‌ನ ಬಫರ್ ತುಂಬುವ ಜಾಗ ಹುಡುಕುವುದು ಹೇಗೆ

ನೆಟ್ ಸ್ಲೋ ಅಂತ ಫೋನ್ ಬಂದರೆ ಹೆಚ್ಚಿನವರು ಮೊದಲು ಮಾಡುವುದು ಸ್ಪೀಡ್ ಟೆಸ್ಟ್. ಅದರಿಂದ ಇಂಟರ್ನೆಟ್ ಲೈನ್ ಹೇಗಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ತೊಂದರೆ ಇರುವುದು ಆಫೀಸಿನ ಸರ್ವರ್‌ಗೂ ಟೇಬಲ್ ಮೇಲಿನ ಕಂಪ್ಯೂಟರ್‌ಗೂ ನಡುವೆ ಆದರೆ, ಸ್ಪೀಡ್ ಟೆಸ್ಟ್‌ಗೆ ಅದು ಕಾಣುವುದೇ ಇಲ್ಲ. ಪಿಂಗ್ (ಇದ್ದೀಯಾ ಅಂತ ಕೇಳುವ ಪುಟ್ಟ ಸಂದೇಶ) ಕೊಟ್ಟರೆ ಒಂದೂ ತಪ್ಪದೆ ಉತ್ತರ ಬರುತ್ತದೆ. ಆಫೀಸಿನ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ, ಅಂದರೆ ಸ್ವಿಚ್‌ನ ದೀಪಗಳೆಲ್ಲ ಹಸಿರಾಗೇ ಇರುತ್ತವೆ. ಆದರೂ ದೊಡ್ಡ ಫೈಲ್ ತೆರೆದರೆ ನಿಂತು ನಿಂತು ಬರುತ್ತದೆ.

ಇಂಥ ದೂರಿನ ಹಿಂದೆ ಬಹಳ ಸಲ ಇರುವುದು ಸ್ವಿಚ್‌ನೊಳಗಿನ ಬಫರ್, ಅಂದರೆ ಪ್ಯಾಕೆಟ್‌ಗಳು (ಡೇಟಾದ ಸಣ್ಣ ತುಂಡುಗಳು) ಸರದಿಗೆ ಕಾಯುವ ಮೆಮೊರಿ. ಹುಡುಕಾಟ ದಾರಿ ತಪ್ಪುವುದೂ ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಪ್ಯಾಕೆಟ್ ಎಲ್ಲಿಂದ ಬಂತೋ ಆ ಕಡೆಯನ್ನೇ ನೋಡುತ್ತಾ ಕೂರುತ್ತೇವೆ. ಆದರೆ ಬಫರ್ ತುಂಬಿ ಪ್ಯಾಕೆಟ್ ಬೀಳುವುದು, ಅಂದರೆ ಕಳೆದುಹೋಗುವುದು, ಅದು ಹೊರಗೆ ಹೋಗಬೇಕಾದ ಪೋರ್ಟಿನಲ್ಲಿ (ಕೇಬಲ್ ಸಿಕ್ಕಿಸುವ ಕಿಂಡಿಯಲ್ಲಿ). ವೇಗದ ಲೈನ್ ನಿಧಾನದ ಲೈನ್‌ಗೆ ಸೇರುವ ಜಾಗ, ಇಲ್ಲವೇ ಹಲವು ಲೈನ್‌ಗಳು ಒಂದೇ ಲೈನ್‌ಗೆ ಬಂದು ಬೀಳುವ ಜಾಗ. ಆ ಪೋರ್ಟ್ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದು ಕೇಸ್ ಜೊತೆಗಿಟ್ಟುಕೊಂಡು ಹೋಗೋಣ. ರಾಜಾಜಿನಗರದ ಒಂದು ವಿಡಿಯೋ ಎಡಿಟಿಂಗ್ ಸ್ಟುಡಿಯೋ. ಫೂಟೇಜ್ ಎಲ್ಲ ಒಂದು ನ್ಯಾಸ್‌ನಲ್ಲಿ, ಅಂದರೆ ಎಲ್ಲರೂ ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಸ್ಟೋರೇಜ್‌ನಲ್ಲಿ. ನ್ಯಾಸ್‌ನಿಂದ ಸ್ವಿಚ್‌ಗೆ 10 ಗಿಗಾಬಿಟ್ ಲೈನ್. ಸ್ವಿಚ್‌ನಿಂದ ಒಬ್ಬೊಬ್ಬ ಎಡಿಟರ್‌ಗೆ 1 ಗಿಗಾಬಿಟ್. ಅಲ್ಲಿನ ಎಡಿಟರ್ ಹೇಳಿದ್ದು ಇಷ್ಟು: "ಸಾರ್, ಟೈಮ್‌ಲೈನ್ ಓಡಿಸಿದರೆ ಜರ್ಕ್ ಹೊಡೆಯುತ್ತೆ. ಆದರೆ ಎಕ್ಸ್‌ಪೋರ್ಟ್ ಮಾಡಿ ನ್ಯಾಸ್‌ಗೆ ಹಾಕುವಾಗ ಏನೂ ತೊಂದರೆ ಇಲ್ಲ." ಈ ಎರಡನೇ ವಾಕ್ಯ ಬಹಳ ಮುಖ್ಯ. ಯಾಕೆ ಅಂತ ಮುಂದೆ ಬರುತ್ತದೆ.

ಒಂದು ಪ್ಯಾಕೆಟ್ ಸ್ವಿಚ್‌ನೊಳಗೆ ಏನೇನು ಮಾಡುತ್ತದೆ

ಆಫೀಸಿನ ಸಾಮಾನ್ಯ ಸ್ವಿಚ್ ಸ್ಟೋರ್ ಅಂಡ್ ಫಾರ್ವರ್ಡ್ ರೀತಿಯದು. ಅಂದರೆ ಫ್ರೇಮ್ (ತಂತಿಯ ಮೇಲೆ ಹೋಗುವ ರೂಪದಲ್ಲಿರುವ ಪ್ಯಾಕೆಟ್) ಪೂರ್ತಿ ಒಳಗೆ ಬರುವ ತನಕ ಅದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಕೊನೆಯಲ್ಲಿರುವ 4 ಬೈಟಿನ ಚೆಕ್‌ಸಮ್ (ಫ್ರೇಮ್ ಕೆಟ್ಟಿದೆಯಾ ಅಂತ ತಿಳಿಸುವ ಲೆಕ್ಕ) ನೋಡಿ, ಕೆಟ್ಟಿದ್ದರೆ ಅಲ್ಲೇ ಎಸೆಯುತ್ತದೆ. ಸರಿಯಿದ್ದರೆ ತಲುಪಬೇಕಾದ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಯಾವ ಪೋರ್ಟಿನಲ್ಲಿದೆ ಅಂತ ಟೇಬಲ್‌ನಲ್ಲಿ ಹುಡುಕುತ್ತದೆ. ಆ ಪೋರ್ಟಿನ ಕ್ಯೂಗೆ ಸೇರಿಸುತ್ತದೆ. ಮುಂದಿದ್ದವು ಹೋದ ಮೇಲೆ ಇದರ ಸರದಿ.

ಪೂರ್ತಿ ಅಳತೆಯ ಒಂದು ಫ್ರೇಮ್ ತಂತಿಯ ಮೇಲೆ ಹಿಡಿಯುವ ಜಾಗ, ಮುಂದಿನ ಪ್ರಿಯಾಂಬಲ್ (ಆರಂಭದ ಗುರುತು) ಮತ್ತು ಹಿಂದಿನ ಬಿಡುವು ಸೇರಿಸಿ, 1538 ಬೈಟ್. 10 ಗಿಗಾಬಿಟ್ ಲೈನಿನಲ್ಲಿ ಅದು ಬರಲು ಸುಮಾರು 1.2 ಮೈಕ್ರೊಸೆಕೆಂಡ್ ಸಾಕು. 1 ಗಿಗಾಬಿಟ್ ಲೈನಿನಲ್ಲಿ ಹೊರಗೆ ಹೋಗಲು 12.3 ಮೈಕ್ರೊಸೆಕೆಂಡ್ ಬೇಕು. ಒಂದು ಹೊರಗೆ ಹೋಗುವಷ್ಟರಲ್ಲಿ ಹತ್ತು ಒಳಗೆ ಬಂದಿರುತ್ತವೆ. ಒಂಬತ್ತು ಕಾಯಬೇಕು. ಕಾಯುವ ಜಾಗವೇ ಬಫರ್.

ನಮ್ಮೂರಿನಲ್ಲಿ ನೀರಿನ ಟ್ಯಾಂಕರ್ ಬಂದಾಗ ನಡೆಯುವುದೂ ಇದೇ ಅಲ್ವಾ? ದಪ್ಪ ಪೈಪಿನಲ್ಲಿ ಸಂಪ್‌ಗೆ ನೀರು ಧುಮುಕುತ್ತದೆ, ಮೋಟಾರು ಸಣ್ಣ ಪೈಪಿನಲ್ಲಿ ಮೇಲಿನ ಟ್ಯಾಂಕಿಗೆ ಎತ್ತುತ್ತದೆ. ಸಂಪ್ ಚಿಕ್ಕದಾದರೆ ರಸ್ತೆಗೆ ಹರಿಯುತ್ತದೆ. ತಿಂಗಳಿಗೆ ಎಷ್ಟು ನೀರು ಬಳಸಿದಿರಿ ಅನ್ನುವ ಲೆಕ್ಕದಿಂದ, ಆ ಹತ್ತು ನಿಮಿಷ ಎಷ್ಟು ಚೆಲ್ಲಿತು ಅಂತ ಹೇಳಲು ಬರುವುದಿಲ್ಲ.

ಮೊದಲು ಬೇರೆ ಮಾಡಬೇಕಾದ್ದು: ಎರರ್ ಬೇರೆ, ಡಿಸ್ಕಾರ್ಡ್ ಬೇರೆ

ಮ್ಯಾನೇಜ್ಡ್ ಸ್ವಿಚ್ (ಒಳಗಿನ ಸೆಟ್ಟಿಂಗ್ ನೋಡಿ ಬದಲಿಸಬಹುದಾದದ್ದು) ಆದರೆ ಪ್ರತಿ ಪೋರ್ಟಿಗೂ ಕೌಂಟರ್‌ಗಳಿರುತ್ತವೆ. ಅವುಗಳಲ್ಲಿ ಎರಡನ್ನು ಒಂದೇ ಅಂತ ತಿಳಿಯುವುದು ಬಹಳ ಕಡೆ ನೋಡಿದ್ದೇನೆ.

ಇನ್‌ಪುಟ್ ಎರರ್, ಸಿಆರ್‌ಸಿ ಎರರ್ ಅಥವಾ ಎಫ್‌ಸಿಎಸ್ ಎರರ್ ಅಂದರೆ ಫ್ರೇಮ್ ಕೆಟ್ಟು ಬಂದಿದೆ. ಇದು ಕೇಬಲ್, ಕನೆಕ್ಟರ್, ಎಸ್‌ಎಫ್‌ಪಿ ಮಾಡ್ಯೂಲ್ (ಫೈಬರ್‌ನಂಥ ಲೈನಿಗಾಗಿ ಸ್ವಿಚ್‌ಗೆ ಸಿಕ್ಕಿಸುವ ತುಂಡು) ಅಥವಾ ಡ್ಯುಪ್ಲೆಕ್ಸ್ ಹೊಂದಾಣಿಕೆಯ ತೊಂದರೆ. ಬಫರ್‌ಗೂ ಇದಕ್ಕೂ ಸಂಬಂಧ ಇಲ್ಲ. ಔಟ್‌ಪುಟ್ ಡಿಸ್ಕಾರ್ಡ್ ಅಥವಾ ಔಟ್‌ಪುಟ್ ಡ್ರಾಪ್ ಅಂದರೆ ಫ್ರೇಮ್ ಚೆನ್ನಾಗೇ ಇತ್ತು, ಇಡಲು ಜಾಗ ಇರಲಿಲ್ಲ. ಮೊದಲನೆಯದು ಏರುತ್ತಿದ್ದರೆ ಕ್ರಿಂಪಿಂಗ್ ಟೂಲ್ ತೆಗೆಯಿರಿ. ಎರಡನೆಯದು ಏರುತ್ತಿದ್ದರೆ ಕೇಬಲ್ ಮುಟ್ಟಬೇಡಿ, ಏನೂ ಪ್ರಯೋಜನ ಇಲ್ಲ.

ಕೌಂಟರ್ ಓದುವಾಗ ಒಂದು ಎಚ್ಚರ. ಅಲ್ಲಿ ಕಾಣುವ ಸಂಖ್ಯೆ ಸ್ವಿಚ್ ಆನ್ ಆದ ದಿನದಿಂದ, ಇಲ್ಲವೇ ಯಾರೋ ಕೊನೆಯದಾಗಿ ಕ್ಲಿಯರ್ ಮಾಡಿದ ದಿನದಿಂದ ಕೂಡಿದ್ದು. ಲಕ್ಷ ಡಿಸ್ಕಾರ್ಡ್ ಕಂಡ ತಕ್ಷಣ ಗಾಬರಿ ಬೇಡ. ಒಮ್ಮೆ ಬರೆದುಕೊಳ್ಳಿ, ತೊಂದರೆ ಕೊಡುವ ಕೆಲಸವನ್ನೇ ಮಾಡಿಸಿ, ಮತ್ತೆ ನೋಡಿ. ವ್ಯತ್ಯಾಸ ಮಾತ್ರ ಲೆಕ್ಕಕ್ಕೆ.

ಎರರ್ ಕಡೆಯದನ್ನು ಬೇಗ ಮುಗಿಸೋಣ. ಒಂದು ತುದಿಯಲ್ಲಿ ಆಟೋ ನೆಗೋಷಿಯೇಷನ್ (ಎರಡು ತುದಿಗಳು ತಾವೇ ವೇಗ ಹೊಂದಿಸಿಕೊಳ್ಳುವುದು) ಆಫ್ ಮಾಡಿ 100 ಫುಲ್ (100 ಮೆಗಾಬಿಟ್, ಕಳಿಸುವುದು ಪಡೆಯುವುದು ಎರಡೂ ಒಟ್ಟಿಗೆ) ಅಂತ ಕಟ್ಟಿ ಹಾಕಿದ್ದು, ಇನ್ನೊಂದು ತುದಿ ಆಟೋದಲ್ಲೇ ಇದ್ದರೆ, ಆಟೋ ಇರುವ ಕಡೆ 100 ಹಾಫ್ (ಒಮ್ಮೆಗೆ ಒಂದೇ ದಿಕ್ಕು) ಆಗಿ ಕೂರುತ್ತದೆ. ಹಾಫ್ ಇರುವ ಕಡೆ ಲೇಟ್ ಕೊಲಿಷನ್ (ತಡವಾಗಿ ಆಗುವ ಡಿಕ್ಕಿ) ಏರುತ್ತದೆ, ಫುಲ್ ಇರುವ ಕಡೆ ಸಿಆರ್‌ಸಿ ಎರರ್ ಏರುತ್ತದೆ. ಈ ಜೋಡಿ ಕಂಡರೆ ಬೇರೆ ಸಾಕ್ಷಿ ಬೇಡ. ಪೀಣ್ಯದಂಥ ಕಡೆ ಹಳೆಯ ಮೆಷಿನ್‌ಗಳನ್ನು ನೆಟ್‌ವರ್ಕ್‌ಗೆ ಸೇರಿಸಿರುವ ಫ್ಯಾಕ್ಟರಿಗಳಲ್ಲಿ ಇದನ್ನು ಇವತ್ತಿಗೂ ಮೊದಲು ನೋಡಿಬಿಡುವುದು ಒಳ್ಳೆಯದು. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿ ಬೇಕು. ಒಂದು ಜೋಡಿ ಕೆಟ್ಟರೆ ಹಲವು ಸಾಧನಗಳು ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿಯುತ್ತವೆ. ಆದ್ದರಿಂದ ಲಿಂಕ್ ಸ್ಪೀಡ್ ಎಷ್ಟಿದೆ ಅಂತ ಕಣ್ಣಾರೆ ನೋಡಿ. ಎಸ್.ಪಿ. ರೋಡಿನಲ್ಲಿ ಕೇಬಲ್ ತರುವಾಗ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಅಗ್ಗ, ಆದರೆ ಉದ್ದ ಹೆಚ್ಚಾದಷ್ಟೂ ಕಾಟ ಕೊಡುತ್ತದೆ.

ಸ್ಟುಡಿಯೋದಲ್ಲಿ ಎರರ್ ಕೌಂಟರ್ ಎಲ್ಲ ಸೊನ್ನೆ. ಎಡಿಟರ್ ಕೂತ ಪೋರ್ಟಿನಲ್ಲಿ ಔಟ್‌ಪುಟ್ ಡಿಸ್ಕಾರ್ಡ್ ಮಾತ್ರ, ಟೈಮ್‌ಲೈನ್ ಓಡಿಸಿದಾಗಲೆಲ್ಲ ಏರುತ್ತಿತ್ತು.

ಯಾವ ದಿಕ್ಕಿನಲ್ಲಿ ನಿಲ್ಲುತ್ತದೆ?

ಇದು ನನಗೆ ಅತ್ಯಂತ ಇಷ್ಟವಾದ ಪರೀಕ್ಷೆ. ಸ್ವಿಚ್‌ನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದ ಆಫೀಸಿನಲ್ಲೂ ಮಾಡಬಹುದು. ಸರ್ವರ್‌ನಿಂದ ಕಂಪ್ಯೂಟರ್‌ಗೆ ಓದುವಾಗ ತೊಂದರೆಯೋ, ಕಂಪ್ಯೂಟರ್‌ನಿಂದ ಸರ್ವರ್‌ಗೆ ಬರೆಯುವಾಗ ತೊಂದರೆಯೋ ಅಂತ ಕೇಳಿ.

ಓದುವಾಗ ಮಾತ್ರ ನಿಲ್ಲುತ್ತಿದ್ದರೆ ವೇಗದ ಲೈನಿನಿಂದ ನಿಧಾನದ ಲೈನಿಗೆ ಇಳಿಯುವ ಕಡೆ, ಅಂದರೆ ಆ ಕಂಪ್ಯೂಟರಿನ ಪೋರ್ಟಿನಲ್ಲಿ ಕ್ಯೂ ತುಂಬುತ್ತಿದೆ. ಬರೆಯುವಾಗ 1 ಗಿಗಾಬಿಟ್‌ನಿಂದ 10ಕ್ಕೆ ಹೋಗುವುದರಿಂದ ಕಾಯುವ ಪ್ರಶ್ನೆಯೇ ಬರುವುದಿಲ್ಲ. ಎಡಿಟರ್ ಹೇಳಿದ ಎರಡನೇ ವಾಕ್ಯ ಹೇಳುತ್ತಿದ್ದದ್ದು ಇದನ್ನೇ. ಬರೆಯುವಾಗ ಮಾತ್ರ, ಅದೂ ಎಲ್ಲರೂ ಒಟ್ಟಿಗೆ ಕೆಲಸ ಮಾಡುವಾಗ ನಿಲ್ಲುತ್ತಿದ್ದರೆ, ಹಲವು ಪೋರ್ಟ್‌ಗಳು ಸರ್ವರ್‌ನ ಒಂದು ಪೋರ್ಟ್ ಮೇಲೆ ಬೀಳುತ್ತಿವೆ ಅಂತ ಅರ್ಥ. ಸರ್ವರ್ ಕೂಡ 1 ಗಿಗಾಬಿಟ್‌ನಲ್ಲೇ ಇರುವ ಆಫೀಸುಗಳಲ್ಲಿ ಇದು ಜಾಸ್ತಿ. ಎರಡೂ ದಿಕ್ಕಿನಲ್ಲಿ ಒಂದೇ ಥರ ನಿಧಾನ ಇದ್ದರೆ ಡಿಸ್ಕ್, ಆಂಟಿವೈರಸ್, ಕೇಬಲ್, ಇವುಗಳನ್ನು ಮೊದಲು ನೋಡಿ.

ಇದನ್ನು ಅಂಕಿಯಲ್ಲಿ ನೋಡಬೇಕೆಂದರೆ ಐಪರ್ಫ್3 ಅನ್ನುವ, ಎರಡು ಕಂಪ್ಯೂಟರ್ ನಡುವಿನ ವೇಗ ಅಳೆಯುವ ಪ್ರೋಗ್ರಾಂ ಸಾಕು. ಎರಡೂ ದಿಕ್ಕಿಗೆ ಒಂದೊಂದು ಸಲ ಓಡಿಸಿ. ಇಲ್ಲೇ ಎಷ್ಟೋ ಜನ ಮೋಸ ಹೋಗುತ್ತಾರೆ. ಎರಡೂ ಕಡೆ 941 ಮೆಗಾಬಿಟ್ ಹತ್ತಿರ ಬರಬಹುದು. ಗಿಗಾಬಿಟ್ ಲೈನಿನಲ್ಲಿ ಟಿಸಿಪಿಗೆ (ಬಿದ್ದದ್ದನ್ನು ಮತ್ತೆ ಕಳಿಸಿ ಡೇಟಾ ಪೂರ್ತಿ ತಲುಪಿಸುವ ರೀತಿಗೆ) ಸಿಗುವ ಗರಿಷ್ಠವೇ ಅದು. ವೇಗದ ಅಂಕಿ ಬಿಡಿ, ಪಕ್ಕದ ರೀಟ್ರಾನ್ಸ್‌ಮಿಟ್ (ಮತ್ತೆ ಕಳಿಸಿದ ಪ್ಯಾಕೆಟ್‌ಗಳ) ಕಾಲಂ ನೋಡಿ. ಬರೆಯುವ ದಿಕ್ಕಿನಲ್ಲಿ ಸೊನ್ನೆ ಅಥವಾ ಬೆರಳೆಣಿಕೆ, ಓದುವ ದಿಕ್ಕಿನಲ್ಲಿ ನೂರಾರು ಬಂದರೆ ಜಾಗ ಸಿಕ್ಕಿತು. ರೀಟ್ರಾನ್ಸ್‌ಮಿಟ್ ಲೆಕ್ಕ ಇರುವುದು ಕಳಿಸುವವನ ಹತ್ತಿರ. ಓದುವಾಗ ಕಳಿಸುವವನು ನ್ಯಾಸ್. ಆದ್ದರಿಂದ ಕಂಪ್ಯೂಟರ್‌ನಲ್ಲಿ ನೆಟ್‌ಸ್ಟ್ಯಾಟ್ ಅನ್ನುವ ಕಮಾಂಡ್ ಹಾಕಿ ಎಲ್ಲ ಸರಿ ಇದೆ ಅಂತ ತೀರ್ಮಾನಕ್ಕೆ ಬರಬೇಡಿ.

ಸೊನ್ನೆ ಡ್ರಾಪ್ ಬೇಕು ಅಂತ ಹಠ ಹಿಡಿಯುವುದೂ ಬೇಡ. ಜಾಗ ಸಿಗುವ ತನಕ ಜಾಸ್ತಿ ಜಾಸ್ತಿ ಕಳಿಸುತ್ತಾ ಹೋಗಿ, ಒಂದು ಪ್ಯಾಕೆಟ್ ಬಿದ್ದಾಗ ವೇಗ ತಗ್ಗಿಸುವುದು ಟಿಸಿಪಿಯ ಸಹಜ ಗುಣ. ದೊಡ್ಡ ಕಾಪಿ ನಡೆಯುವಾಗ ನಾಲ್ಕಾರು ಬೀಳುವುದು ರೋಗ ಅಲ್ಲ. ಬಿದ್ದ ಕಾರಣಕ್ಕೆ ಕೆಲಸ ನಿಂತರೆ ಮಾತ್ರ ಅದು ರೋಗ.

ಯುಡಿಪಿ (ತಲುಪಿತಾ ಅಂತ ಕೇಳದೆ ಕಳಿಸುತ್ತಾ ಹೋಗುವ ರೀತಿ) ಪರೀಕ್ಷೆ ಮಾಡುವವರಿಗೆ ಒಂದು ಮಾತು. ಐಪರ್ಫ್3 ತನ್ನ ಪಾಡಿಗೆ ಬಿಟ್ಟರೆ 1 ಮಿಲಿಸೆಕೆಂಡಿಗೊಮ್ಮೆ ಒಂದು ಕಂತು ಕಳಿಸುತ್ತದೆ. 500 ಮೆಗಾಬಿಟ್ ಅಂತ ಕೊಟ್ಟರೆ ಪ್ರತಿ ಕಂತು ಸುಮಾರು 62 ಕೆಬಿ. ನ್ಯಾಸ್‌ನ 10 ಗಿಗಾಬಿಟ್ ಕಾರ್ಡಿನಿಂದ ಅದು ಒಂದೇ ಉಸಿರಿಗೆ ಹೊರಬೀಳುತ್ತದೆ. ಕಂಡ ಡ್ರಾಪ್ ನಿಮ್ಮ ಪರೀಕ್ಷೆಯೇ ಮಾಡಿದ್ದೂ ಆಗಿರಬಹುದು.

ಗ್ರಾಫ್ ಯಾಕೆ ಸುಳ್ಳು ಹೇಳುತ್ತದೆ

ಸ್ಟುಡಿಯೋದಲ್ಲಿ ಮಾನಿಟರಿಂಗ್ ಗ್ರಾಫ್ ಇತ್ತು. ಎಡಿಟರ್ ಪೋರ್ಟ್ ಸುಮಾರು ಅರ್ಧ ತುಂಬಿದೆ ಅಂತ ತೋರಿಸುತ್ತಿತ್ತು. ಅರ್ಧ ಖಾಲಿ ಇರುವ ಲೈನಿನಲ್ಲಿ ಪ್ಯಾಕೆಟ್ ಯಾಕೆ ಬೀಳಬೇಕು?

ಲೆಕ್ಕ ಹಾಕಿ ನೋಡೋಣ. 4ಕೆ ಪ್ರೋರೆಸ್ 422 ಅನ್ನುವ ವಿಡಿಯೋ ಫಾರ್ಮ್ಯಾಟ್, ಸೆಕೆಂಡಿಗೆ 25 ಫ್ರೇಮ್ (ಇಲ್ಲಿ ಫ್ರೇಮ್ ಅಂದರೆ ವಿಡಿಯೋದ ಒಂದು ಚಿತ್ರ). ಇದಕ್ಕೆ ಬೇಕಾದ್ದು ಸುಮಾರು 490 ಮೆಗಾಬಿಟ್. ಹಾಗಾದರೆ ಒಂದು ವಿಡಿಯೋ ಫ್ರೇಮ್ ಸುಮಾರು 2.4 ಎಂಬಿ. ಪ್ರತಿ 40 ಮಿಲಿಸೆಕೆಂಡಿಗೆ ಒಂದು ಬೇಕು. ನ್ಯಾಸ್ ಅದನ್ನು ಪೂರ್ತಿ ವೇಗದಲ್ಲಿ ಕಳಿಸಿದರೆ 2 ಮಿಲಿಸೆಕೆಂಡಿನಲ್ಲಿ ಸ್ವಿಚ್‌ಗೆ ಬಂದುಬಿಡುತ್ತದೆ. ಹೊರಗೆ ಹೋಗಲು 20 ಮಿಲಿಸೆಕೆಂಡ್ ಬೇಕು. ಉಳಿದ 20 ಮಿಲಿಸೆಕೆಂಡ್ ಲೈನ್ ಖಾಲಿ. ಸರಾಸರಿ ತೆಗೆದರೆ ಅರ್ಧ. ಆದರೆ ಆ ಮೊದಲ 2 ಮಿಲಿಸೆಕೆಂಡಿನಲ್ಲಿ ಬಫರ್ ಮೇಲೆ ಬಿದ್ದ ಹೊರೆ ಸರಾಸರಿಯಲ್ಲಿ ಎಲ್ಲೂ ಇಲ್ಲ. ಇದನ್ನೇ ಮೈಕ್ರೊಬರ್ಸ್ಟ್ ಅನ್ನುವುದು.

ಪ್ರತಿ ಸಲವೂ ಇಷ್ಟು ಕೆಟ್ಟದಾಗಿ ಆಗುವುದಿಲ್ಲ. ಟಿಸಿಪಿ ವಿಂಡೋ (ಉತ್ತರಕ್ಕೆ ಕಾಯದೆ ಕಳಿಸಬಹುದಾದ ಡೇಟಾದ ಮಿತಿ) ಎಷ್ಟು ದೊಡ್ಡದಿದೆಯೋ ಅಷ್ಟು ಮಾತ್ರ ಒಮ್ಮೆಗೆ ದಾರಿಯಲ್ಲಿರುತ್ತದೆ. ಆದರೆ ಫೈಲ್ ಸರ್ವರ್‌ಗಳಲ್ಲಿ ವಿಂಡೋ ಎಂಬಿ ಲೆಕ್ಕಕ್ಕೆ ಬೆಳೆಯುವುದು ಅಪರೂಪವೇನಲ್ಲ. ಜೊತೆಗೆ ನೆಟ್‌ವರ್ಕ್ ಕಾರ್ಡ್‌ನ ಸೆಗ್ಮೆಂಟೇಷನ್ ಆಫ್‌ಲೋಡ್ ಅನ್ನುವ ಸೌಲಭ್ಯ 64 ಕೆಬಿ ತನಕದ ತುಂಡನ್ನು ಕಾರ್ಡಿನಲ್ಲೇ ಕತ್ತರಿಸಿ ಸಾಲಾಗಿ ಕಳಿಸುತ್ತದೆ. ಆ ಸಾಲಿನ ನಡುವೆ ಬಿಡುವೇ ಇರುವುದಿಲ್ಲ.

ಐದು ನಿಮಿಷಕ್ಕೊಮ್ಮೆ ಓದುವ ಎಸ್‌ಎನ್‌ಎಂಪಿ (ಸ್ವಿಚ್‌ನ ಕೌಂಟರ್ ದೂರದಿಂದ ಓದುವ ರೀತಿ) ಗ್ರಾಫ್‌ಗೆ 2 ಮಿಲಿಸೆಕೆಂಡ್ ಕಾಣುವ ಮಾತೇ ಇಲ್ಲ. ಹಾಗಾಗಿ ಟ್ರಾಫಿಕ್ ಗ್ರಾಫ್ ಬದಲು ಡಿಸ್ಕಾರ್ಡ್ ಕೌಂಟರ್‌ನ ಗ್ರಾಫ್ ಹಾಕಿ. ಪ್ಯಾಕೆಟ್ ಎಷ್ಟು ಸಣ್ಣ ಹೊತ್ತಿನಲ್ಲಿ ಬಿದ್ದರೂ ಅದು ಅಲ್ಲಿ ಉಳಿಯುತ್ತದೆ. ಹಳೆಯ 32 ಬಿಟ್‌ನ ಬೈಟ್ ಕೌಂಟರ್ ಬಳಸುತ್ತಿದ್ದರೆ ಇನ್ನೂ ಕಷ್ಟ. ತುಂಬಿದ ಗಿಗಾಬಿಟ್ ಲೈನಿನಲ್ಲಿ ಅದು 34 ಸೆಕೆಂಡಿಗೆ ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. 64 ಬಿಟ್‌ನದ್ದನ್ನೇ ಹಾಕಿ.

ಕಣ್ಣಾರೆ ನೋಡಲೇಬೇಕು ಅಂದರೆ ವೈರ್‌ಶಾರ್ಕ್ ಅನ್ನುವ ಪ್ರೋಗ್ರಾಂನಲ್ಲಿ ಪ್ಯಾಕೆಟ್‌ಗಳನ್ನು ಹಿಡಿದು, ಐಓ ಗ್ರಾಫ್‌ನ ಅಂತರವನ್ನು 1 ಮಿಲಿಸೆಕೆಂಡಿಗೆ ಇಳಿಸಿ. ನೆಟ್ಟಗೆ ಮಟ್ಟಸವಾಗಿ ಕಾಣುತ್ತಿದ್ದ ಗೆರೆ ಕಂಬಗಳ ಸಾಲಾಗಿ ಒಡೆಯುತ್ತದೆ. ಹಿಡಿಯುವುದು ನ್ಯಾಸ್ ಕಡೆಯಲ್ಲಿ ಇರಲಿ. ಸ್ವಿಚ್‌ನಲ್ಲಿ ಪೋರ್ಟ್ ಮಿರರ್ (ಒಂದು ಪೋರ್ಟಿನ ಟ್ರಾಫಿಕ್‌ನ ನಕಲನ್ನು ಇನ್ನೊಂದಕ್ಕೆ ಕಳಿಸುವುದು) ಮಾಡಿದರೆ, ಒಂದು ಗಿಗಾಬಿಟ್ ಪೋರ್ಟಿನ ಹೋಗುವುದು ಬರುವುದು ಎರಡೂ ಸೇರಿ 2 ಗಿಗಾಬಿಟ್ ತನಕ ಆಗಬಹುದು. ಮಿರರ್ ಪೋರ್ಟ್ 1 ಗಿಗಾಬಿಟ್ ಇದ್ದರೆ ಅಲ್ಲೂ ಬೀಳುತ್ತದೆ. ಆಮೇಲೆ ಯಾವ ಪ್ಯಾಕೆಟ್ ಎಲ್ಲಿ ಬಿತ್ತು ಅಂತ ತಲೆ ಕೆಡುತ್ತದೆ.

ಇನ್ನು ಆ ಜರ್ಕ್. ಸಾಲಿನ ನಡುವಿನ ಪ್ಯಾಕೆಟ್ ಬಿದ್ದರೆ, ಅದರ ಹಿಂದಿನವು ತಲುಪಿದ ಕೂಡಲೇ ಕಳಿಸಿದವನಿಗೆ ಸುಳಿವು ಸಿಗುತ್ತದೆ. ಮರುಕಳಿಕೆ ಬೇಗ ಆಗುತ್ತದೆ, ನೋಡುವವರಿಗೆ ಗೊತ್ತೂ ಆಗುವುದಿಲ್ಲ. ಸಾಲಿನ ಕೊನೆಯ ಪ್ಯಾಕೆಟ್‌ಗಳೇ ಬಿದ್ದರೆ ಹಿಂದೆ ಯಾರೂ ಇಲ್ಲ. ಟೈಮರ್ ಮುಗಿಯುವ ತನಕ ಕಾಯಬೇಕು. ಲಿನಕ್ಸ್‌ನಲ್ಲಿ ಆ ಟೈಮರ್‌ನ ಕನಿಷ್ಠ ಅಳತೆ 200 ಮಿಲಿಸೆಕೆಂಡ್. 25 ಫ್ರೇಮ್‌ನ ವಿಡಿಯೋದಲ್ಲಿ 200 ಮಿಲಿಸೆಕೆಂಡ್ ಅಂದರೆ ಸರಿಯಾಗಿ ಐದು ಫ್ರೇಮ್. ಬಫರ್ ತುಂಬಿದಾಗ ಬೀಳುವುದು ಸಾಲಿನ ಬಾಲವೇ. ಹೊಸ ಲಿನಕ್ಸ್ ಕರ್ನಲ್‌ಗಳಲ್ಲಿ ಬಾಲ ಬಿದ್ದದ್ದನ್ನು ಬೇಗ ಹಿಡಿಯುವ ವ್ಯವಸ್ಥೆ ಇದೆ, ಆದರೆ ಎಲ್ಲ ಸಲವೂ ಅದು ಕಾಪಾಡುವುದಿಲ್ಲ. ಲೈನ್ ಅರ್ಧ ಖಾಲಿ ಇದ್ದೂ ಟೈಮ್‌ಲೈನ್ ನಿಲ್ಲುವುದು ಹೀಗೆ.

ಬಫರ್ ಎಷ್ಟಿದೆ, ಯಾರಿಗೆ ಎಷ್ಟು ಸಿಗುತ್ತದೆ

ಡೇಟಾಶೀಟ್‌ನಲ್ಲಿ ಪ್ಯಾಕೆಟ್ ಬಫರ್ ಅಂತ ಒಂದು ಸಾಲು ಇರುತ್ತದೆ. ಬಿಟ್‌ನಲ್ಲಿ ಬರೆದಿದ್ದಾರಾ, ಬೈಟ್‌ನಲ್ಲಿ ಬರೆದಿದ್ದಾರಾ ಅಂತ ಮೊದಲು ನೋಡಿ. 4.1 ಮೆಗಾಬಿಟ್ ಅಂದರೆ 512 ಕೆಬಿ, ಅಷ್ಟೇ. 12 ಮೆಗಾಬಿಟ್ ಅಂದರೆ 1.5 ಎಂಬಿ. ಅದೂ ಒಂದು ಪೋರ್ಟಿಗಲ್ಲ, ಎಲ್ಲ ಪೋರ್ಟ್‌ಗೂ ಸೇರಿ.

ಈ ಹಂಚಿಕೆ ಅರ್ಥವಾದರೆ ಒಂದು ಒಗಟು ಬಿಡುತ್ತದೆ. ಬೆಳಗ್ಗೆ ಒಬ್ಬರೇ ಕೂತಾಗ ಸರಿ ಇರುತ್ತದೆ, ಹನ್ನೊಂದು ಗಂಟೆಗೆ ಎಲ್ಲರೂ ಬಂದ ಮೇಲೆ ಜರ್ಕ್ ಶುರು. ಹೆಚ್ಚಿನ ಸ್ವಿಚ್ ಚಿಪ್‌ಗಳಲ್ಲಿ ಒಂದು ಕ್ಯೂ ಎಷ್ಟು ಬೆಳೆಯಬಹುದು ಅನ್ನುವುದು ಆ ಕ್ಷಣಕ್ಕೆ ಖಾಲಿ ಇರುವ ಬಫರ್ ಮೇಲೆ ನಿಂತಿದೆ. ಖಾಲಿ ಇರುವಷ್ಟೇ ಒಂದು ಕ್ಯೂಗೆ ಮಿತಿ ಅಂತ ಇಟ್ಟುಕೊಳ್ಳಿ. ಆಗ ಒಬ್ಬನೇ ಇದ್ದರೆ ಒಟ್ಟು ಬಫರ್‌ನ ಅರ್ಧ ಸಿಗುತ್ತದೆ. ಇಬ್ಬರಿದ್ದರೆ ಮೂರನೇ ಒಂದು ಭಾಗ. ನಾಲ್ವರಿದ್ದರೆ ಐದನೇ ಒಂದು ಭಾಗ. 1.5 ಎಂಬಿ ಸ್ವಿಚ್‌ನಲ್ಲಿ ಒಬ್ಬನಿಗೆ 750 ಕೆಬಿ ಇದ್ದದ್ದು, ನಾಲ್ವರಿಗೆ ತಲಾ 300 ಕೆಬಿಗೆ ಇಳಿಯುತ್ತದೆ. ಆ 750 ಕೆಬಿ ಕೂಡ, 10 ಒಳಗೆ 1 ಹೊರಗೆ ಇರುವಾಗ, ಮುಕ್ಕಾಲು ಮಿಲಿಸೆಕೆಂಡಿಗೂ ಮೊದಲೇ ತುಂಬುತ್ತದೆ. ನಿಯಮದ ವಿವರ ಚಿಪ್‌ನಿಂದ ಚಿಪ್‌ಗೆ ಬೇರೆ, ಆದರೆ ದಾರಿ ಇದೇ.

ಕ್ಯೂಒಎಸ್ (ಯಾವ ಟ್ರಾಫಿಕ್ ಮೊದಲು ಹೋಗಬೇಕು ಅಂತ ಹೇಳುವ ಸೆಟ್ಟಿಂಗ್) ಇದ್ದರೆ ಇನ್ನೊಂದು ಪಾಲು ಆಗುತ್ತದೆ. ಸ್ಟುಡಿಯೋದಲ್ಲಿ ಕೇಳುತ್ತಾ ಹೋದಾಗ, ತೊಂದರೆ ಶುರುವಾದದ್ದು ಐಪಿ ಫೋನ್ ಹಾಕಿಸಿದ ಮೇಲೆ ಅಂತ ಹೊರಬಿತ್ತು. ಫೋನ್ ಹಾಕಿದವರು ಧ್ವನಿಗೆ ಮೊದಲ ಸ್ಥಾನ ಕೊಡಲು ಕ್ಯೂಒಎಸ್ ಆನ್ ಮಾಡಿದ್ದರು. ಅದು ಸರಿಯಾದ ಕೆಲಸವೇ. ಆದರೆ ಕೆಲವು ಆಕ್ಸೆಸ್ ಸ್ವಿಚ್‌ಗಳಲ್ಲಿ ಕ್ಯೂಒಎಸ್ ಆನ್ ಆದ ಕೂಡಲೇ ಪೋರ್ಟಿನ ಬಫರ್ ನಾಲ್ಕು ಕ್ಯೂಗಳಿಗೆ ಸಮವಾಗಿ ಹಂಚಿಹೋಗುತ್ತದೆ. ಗುರುತು ಹಾಕದ ಟ್ರಾಫಿಕ್ ಎಲ್ಲ ಒಂದೇ ಕ್ಯೂಗೆ. ಫೂಟೇಜ್ ಅಷ್ಟೂ ಆ ಕಾಲು ಪಾಲಿನಲ್ಲಿ ಒದ್ದಾಡುತ್ತಿತ್ತು. ಉಳಿದ ಮುಕ್ಕಾಲು ಹೆಚ್ಚು ಕಡಿಮೆ ಖಾಲಿ. ಹಾಗಾಗಿ ಡ್ರಾಪ್ ನೋಡುವಾಗ ಪೋರ್ಟಿನ ಒಟ್ಟು ಸಂಖ್ಯೆ ಸಾಲದು. ಯಾವ ಕ್ಯೂನಲ್ಲಿ ಬೀಳುತ್ತಿದೆ ಅಂತ ಬಿಡಿಸಿ ನೋಡಿ. ಒಂದೇ ಕ್ಯೂನಲ್ಲಿ ಎಲ್ಲ ಇದ್ದರೆ ಹಂಚಿಕೆ ತಪ್ಪಿದೆ.

ಬೇರೆಯವರ ಪ್ಯಾಕೆಟ್ ನಿಮ್ಮ ಕ್ಯೂನಲ್ಲಿ ಇದೆಯಾ?

ಬಫರ್ ತುಂಬಲು ನಿಮ್ಮ ಟ್ರಾಫಿಕ್ಕೇ ಬೇಕು ಅಂತೇನಿಲ್ಲ. ಮ್ಯಾಕ್ ಟೇಬಲ್‌ನಲ್ಲಿ ವಿಳಾಸ ಸಿಗದಿದ್ದರೆ ಸ್ವಿಚ್ ಆ ಫ್ರೇಮನ್ನು ಆ ವಿಎಲ್ಯಾನ್‌ನ (ಸ್ವಿಚ್‌ನೊಳಗೆ ಬೇರೆ ಮಾಡಿದ ಪೋರ್ಟ್‌ಗಳ ಗುಂಪಿನ) ಮಿಕ್ಕ ಎಲ್ಲ ಪೋರ್ಟ್‌ಗೂ ಕಳಿಸುತ್ತದೆ. ಇದನ್ನು ಫ್ಲಡಿಂಗ್ ಅನ್ನುತ್ತಾರೆ. 400 ಮೆಗಾಬಿಟ್‌ನ ಒಂದು ಹರಿವು ಹೀಗೆ ಹರಡಿದರೆ ಗಿಗಾಬಿಟ್ ಪೋರ್ಟ್ ತಡೆದುಕೊಳ್ಳುತ್ತದೆ. 100 ಮೆಗಾಬಿಟ್‌ನ ಪ್ರಿಂಟರ್, ಹಾಜರಿ ಯಂತ್ರ, ಸಿಎನ್‌ಸಿ ಕಂಟ್ರೋಲರ್ ಉಸಿರುಗಟ್ಟುತ್ತವೆ.

ಪರೀಕ್ಷೆ ಸುಲಭ. ಖಾಲಿ ಪೋರ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ವೈರ್‌ಶಾರ್ಕ್ ಓಡಿಸಿ. ಬ್ರಾಡ್‌ಕಾಸ್ಟ್ (ಎಲ್ಲರಿಗೂ ಕಳಿಸಿದ್ದು), ಮಲ್ಟಿಕಾಸ್ಟ್ (ಒಂದು ಗುಂಪಿಗೆ ಕಳಿಸಿದ್ದು), ನಿಮ್ಮ ಲ್ಯಾಪ್‌ಟಾಪಿನದ್ದು ಇವನ್ನು ಫಿಲ್ಟರ್ ಮಾಡಿ ತೆಗೆಯಿರಿ. ಉಳಿದದ್ದು ಆಗೊಮ್ಮೆ ಈಗೊಮ್ಮೆ ಒಂದೆರಡು ಇರಬೇಕು. ಬೇರೆ ಇಬ್ಬರ ಫೈಲ್ ಕಾಪಿ ನಿಮ್ಮ ಪರದೆಯಲ್ಲಿ ಹರಿಯುತ್ತಿದ್ದರೆ ಫ್ಲಡಿಂಗ್ ಖಚಿತ.

ಕಾರಣಗಳಲ್ಲಿ ಎರಡು ಹೆಚ್ಚು ಸಿಗುತ್ತವೆ. ಒಂದು, ಕೇಳಿಸಿಕೊಳ್ಳುವ ಆದರೆ ಮಾತಾಡದ ಸಾಧನ, ಉದಾಹರಣೆಗೆ ಯುಡಿಪಿಯಲ್ಲಿ ಲಾಗ್ ಮಾತ್ರ ಪಡೆಯುವ ಸರ್ವರ್. ಸಾಮಾನ್ಯವಾಗಿ 300 ಸೆಕೆಂಡ್ ಸುಮ್ನೆ ಇದ್ದರೆ ಟೇಬಲ್‌ನಿಂದ ಅದರ ಹೆಸರು ಹೋಗುತ್ತದೆ. ಇನ್ನೊಂದು ಸ್ಪ್ಯಾನಿಂಗ್ ಟ್ರೀ, ಅಂದರೆ ಸ್ವಿಚ್‌ಗಳ ನಡುವೆ ಪ್ಯಾಕೆಟ್ ಸುತ್ತು ಹೊಡೆಯದಂತೆ ತಡೆಯುವ ವ್ಯವಸ್ಥೆ. ಕಂಪ್ಯೂಟರ್‌ಗಳ ಪೋರ್ಟನ್ನು ಎಡ್ಜ್ ಪೋರ್ಟ್ ಅಂತ ಗುರುತಿಸದೆ ಬಿಟ್ಟರೆ, ಯಾರಾದರೂ ಕಂಪ್ಯೂಟರ್ ಆನ್ ಆಫ್ ಮಾಡಿದಾಗಲೆಲ್ಲ ಟೊಪಾಲಜಿ (ನೆಟ್‌ವರ್ಕ್‌ನ ಜೋಡಣೆ) ಬದಲಾಯಿತು ಅಂತ ಸುದ್ದಿ ಹರಡುತ್ತದೆ. ಹಳೆಯ 802.1ಡಿ ರೀತಿಯಲ್ಲಿ ಆಗ ಆ 300 ಸೆಕೆಂಡ್ 15ಕ್ಕೆ ಇಳಿಯುತ್ತದೆ, ಹೊಸದರಲ್ಲಿ ಕಲಿತ ವಿಳಾಸಗಳನ್ನು ನೇರವಾಗಿ ಅಳಿಸಿಬಿಡುತ್ತದೆ. ಎಲ್ಲರೂ ಆಫೀಸಿಗೆ ಬಂದು ಮೆಷಿನ್ ಆನ್ ಮಾಡುವ ಹೊತ್ತಿಗೇ ನಿಧಾನ ಆಗುತ್ತಿದ್ದರೆ ಟೊಪಾಲಜಿ ಚೇಂಜ್ ಕೌಂಟರ್ ನೋಡಿ.

ಟೇಬಲ್ ಕೆಳಗಿನ ಡಬ್ಬಿ ಮತ್ತು ಪಾಸ್ (pause) ಫ್ರೇಮ್

ಎಲ್ಲ ಕೌಂಟರ್ ಸೊನ್ನೆ, ಆದರೂ ರೀಟ್ರಾನ್ಸ್‌ಮಿಟ್ ಇದೆ ಅಂದರೆ ಬಗ್ಗಿ ಟೇಬಲ್ ಕೆಳಗೆ ನೋಡಿ. ಪಾಯಿಂಟ್ ಸಾಲದೆ ಯಾರೋ ಹಾಕಿದ 5 ಅಥವಾ 8 ಪೋರ್ಟಿನ ಸಣ್ಣ ಸ್ವಿಚ್ ಅಲ್ಲಿರುತ್ತದೆ. ಅದಕ್ಕೆ ಕೌಂಟರ್ ಇಲ್ಲ, ಬಫರ್ ಇನ್ನೂ ಚಿಕ್ಕದು. ಅದನ್ನು ಬಿಟ್ಟು ನೇರ ಗೋಡೆಯ ಪಾಯಿಂಟಿಗೆ ಕನೆಕ್ಟ್ ಮಾಡಿ ಅದೇ ಕೆಲಸ ಮಾಡಿಸಿ. ಬೇರೆ ಪರೀಕ್ಷೆ ಬೇಕಿಲ್ಲ.

ಫ್ಲೋ ಕಂಟ್ರೋಲ್ ಆನ್ ಮಾಡಿದರೆ ಡ್ರಾಪ್ ನಿಲ್ಲುತ್ತದೆ ಅಂತ ಸಲಹೆ ಕೊಡುವವರು ಬಹಳ ಇದ್ದಾರೆ. ನಿಲ್ಲುವುದು ನಿಜ. 1997ರ 802.3ಎಕ್ಸ್ ಮಾನದಂಡದ ಪಾಸ್ ಫ್ರೇಮ್ ಕಳಿಸಿ ಸ್ವಿಚ್ ನ್ಯಾಸ್‌ಗೆ ತಡಿ ಅನ್ನುತ್ತದೆ. ತೊಂದರೆ ಏನೆಂದರೆ ಪಾಸ್ ಇಡೀ ಲಿಂಕನ್ನೇ ನಿಲ್ಲಿಸುತ್ತದೆ. ಒಬ್ಬ ಎಡಿಟರ್‌ನ ಕ್ಯೂ ತುಂಬಿದ್ದಕ್ಕೆ ಮಿಕ್ಕವರೆಲ್ಲ ಕಾಯಬೇಕು. ಹ್ಯಾಂಗ್ ಆದ ಒಂದು ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್ ಸತತವಾಗಿ ಪಾಸ್ ಕಳಿಸುತ್ತಾ ಇದ್ದರೆ ಇಡೀ ಆಫೀಸ್ ನಿಲ್ಲಬಹುದು. ನನ್ನ ಅಭಿಪ್ರಾಯದಲ್ಲಿ ಹಲವರು ಹಂಚಿಕೊಳ್ಳುವ ಸರ್ವರ್ ಲಿಂಕಿನಲ್ಲಿ ಇದು ಬೇಡ. ಎಲ್ಲರೂ ಒಟ್ಟಿಗೆ ನಿಂತು ಒಟ್ಟಿಗೆ ಹೊರಡುವ ದೂರು ಬಂದರೆ ಪಾಸ್ ಫ್ರೇಮ್ ಕೌಂಟರ್ ಮೊದಲು ನೋಡಿ.

ಖಚಿತ ಮಾಡಿಕೊಂಡು ಸರಿಪಡಿಸುವುದು

ದುಡ್ಡು ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ. ಒಬ್ಬರೇ ಎಡಿಟರ್ ಇರುವಾಗ ನ್ಯಾಸ್‌ನ 10 ಗಿಗಾಬಿಟ್ ಲೈನ್ ತೆಗೆದು ಅದರ 1 ಗಿಗಾಬಿಟ್ ಪೋರ್ಟಿನಿಂದ ಸ್ವಿಚ್‌ಗೆ ಕೊಡಿ. ಒಳಗೆ 1, ಹೊರಗೆ 1. ಲೈನ್ ನಿಧಾನ ಮಾಡಿದ ಮೇಲೆ ಟೈಮ್‌ಲೈನ್ ಸರಾಗವಾಗಿ ಓಡಿದರೆ, ವೇಗದ ಅಂತರವೇ ಕಾರಣ. ಸ್ಟುಡಿಯೋದಲ್ಲಿ ಹಾಗೇ ಆಯಿತು. ಅಲ್ಲಿದ್ದವರಿಗೆ ನಂಬುವುದು ಕಷ್ಟವಾಯಿತು, ಆದರೆ ಡಿಸ್ಕಾರ್ಡ್ ಕೌಂಟರ್ ಅಲುಗಾಡದೆ ನಿಂತಿತ್ತು.

ಅಲ್ಲಿ ಮೊದಲು ಮಾಡಿದ್ದು ಕ್ಯೂಒಎಸ್ ಹಂಚಿಕೆ ಬದಲಾವಣೆ. ಧ್ವನಿಯ ಕ್ಯೂಗೆ ಮೊದಲ ಸರದಿ ಹಾಗೇ ಇರಲಿ, ಬಫರ್ ಮಾತ್ರ ಸ್ವಲ್ಪ ಸಾಕು. ಫೋನಿನ ಪ್ಯಾಕೆಟ್ 20 ಮಿಲಿಸೆಕೆಂಡಿಗೆ ಒಂದು, ಅದೂ ಪುಟ್ಟದು. ಮಿಕ್ಕ ಬಫರ್ ಎಲ್ಲ ಡೇಟಾ ಕ್ಯೂಗೆ ಹೋಯಿತು. ಎರಡನೆಯದು ನ್ಯಾಸ್ ಕಡೆ. ಅದು ಲಿನಕ್ಸ್ ಆಗಿದ್ದರಿಂದ ಎಫ್‌ಕ್ಯೂ ಕ್ಯೂಯಿಂಗ್ ಹಾಕಿ, ಒಂದೊಂದು ಕನೆಕ್ಷನ್‌ಗೆ 900 ಮೆಗಾಬಿಟ್ ಮಿತಿ ಕೊಟ್ಟೆವು. ಆಗ ಪ್ಯಾಕೆಟ್‌ಗಳು ಒಟ್ಟಿಗೆ ನುಗ್ಗದೆ ನಡುವೆ ಬಿಡುವು ಇಟ್ಟುಕೊಂಡು ಹೊರಡುತ್ತವೆ. ಕಾಯುವ ಕೆಲಸ ಸ್ವಿಚ್‌ನ ಸಣ್ಣ ಬಫರ್ ಬದಲು ನ್ಯಾಸ್‌ನ ದೊಡ್ಡ ಮೆಮೊರಿಯಲ್ಲಿ ನಡೆಯುತ್ತದೆ. ಎರಡಕ್ಕೂ ಪೈಸೆ ಖರ್ಚಿಲ್ಲ.

ಇಷ್ಟಕ್ಕೂ ನಿಲ್ಲದಿದ್ದರೆ ಟೇಬಲ್ ಕಡೆಯ ವೇಗ ಏರಿಸಿ. 2.5 ಗಿಗಾಬಿಟ್‌ಗೆ ಈಗಿರುವ ಕ್ಯಾಟ್ 5ಇ ಕೇಬಲ್ಲೇ 100 ಮೀಟರ್ ತನಕ ನಡೆಯುತ್ತದೆ. ಗೋಡೆ ಒಡೆಯುವ ಕೆಲಸ ಇಲ್ಲ. ಎರಡು ಗಿಗಾಬಿಟ್ ಲೈನ್ ಜೋಡಿಸುವ ಲಿಂಕ್ ಅಗ್ರಿಗೇಷನ್‌ನಿಂದ ಒಬ್ಬ ಎಡಿಟರ್‌ಗೆ ಲಾಭ ಇಲ್ಲ. ಒಂದು ಕನೆಕ್ಷನ್ ಯಾವತ್ತೂ ಒಂದೇ ತಂತಿಯಲ್ಲಿ ಹೋಗುತ್ತದೆ.

ದೊಡ್ಡ ಬಫರ್‌ನ ಸ್ವಿಚ್ ಕೊಳ್ಳುವುದು ನನ್ನ ಪಟ್ಟಿಯಲ್ಲಿ ಕೊನೆಯದು. ಬಫರ್ ದೊಡ್ಡದಾದಷ್ಟೂ ಕಾಯುವ ಹೊತ್ತೂ ದೊಡ್ಡದು. 512 ಕೆಬಿ ತುಂಬಿದ ಕ್ಯೂ ಗಿಗಾಬಿಟ್‌ನಲ್ಲಿ ಖಾಲಿಯಾಗಲು 4 ಮಿಲಿಸೆಕೆಂಡ್ ಸಾಕು. ಅದೇ 100 ಮೆಗಾಬಿಟ್ ಪೋರ್ಟಿನಲ್ಲಿ 42 ಮಿಲಿಸೆಕೆಂಡ್. ಅದೇ ಕ್ಯೂನಲ್ಲಿ ಫೋನಿನ ಧ್ವನಿಯೂ ಇದ್ದರೆ ಮಾತು ಕಡಿದು ಕಡಿದು ಬರುತ್ತದೆ.

ಬದಲಾವಣೆ ಒಂದೊಂದಾಗಿ ಮಾಡಿ. ಪ್ರತಿ ಸಲವೂ ಕೌಂಟರ್ ಕ್ಲಿಯರ್ ಮಾಡಿ, ಜನ ತುಂಬಿರುವ ಹೊತ್ತಿನಲ್ಲೇ, ಅದೇ ಫೂಟೇಜ್ ಓಡಿಸಿ ನೋಡಿ. ಸಂಜೆ ಎಲ್ಲರೂ ಹೋದ ಮೇಲೆ ಮಾಡಿದ ಪರೀಕ್ಷೆಗೆ ಬೆಲೆ ಇಲ್ಲ, ಬಫರ್‌ನ ದೊಡ್ಡ ಪಾಲು ನಿಮ್ಮೊಬ್ಬರಿಗೇ ಸಿಕ್ಕಿರುತ್ತದೆ. ಎಡಿಟರ್ ಪೋರ್ಟಿನ ಡಿಸ್ಕಾರ್ಡ್ ನಿಂತರೂ ನ್ಯಾಸ್‌ನಲ್ಲಿ ರೀಟ್ರಾನ್ಸ್‌ಮಿಟ್ ಏರುತ್ತಿದ್ದರೆ, ದಾರಿಯಲ್ಲಿ ಇನ್ನೊಂದು ಸ್ವಿಚ್ ಇದೆ ಅಂತ ಅರ್ಥ. ಆ ಸ್ವಿಚ್‌ನ ಹೊರಹೋಗುವ ಪೋರ್ಟಿನಿಂದ ಮತ್ತೆ ಶುರು ಮಾಡಿ.